ನಮ್ಮ ಲಡಾಖ್ ಪ್ರವಾಸದ ಸನ್ನಾಹ

ನಾನು ಹುಟ್ಟಿ ಬೆಳೆದುದು ಚಿಕ್ಕಪೇಟೆಯಲ್ಲಿ. ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿಸುವಾಗ, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿದರೆಂದು ಪ್ರತೀತಿಯುಂಟು. ಉತ್ತರದ ಗೆರೆ ಯಲಹಂಕದ ಕಡೆಗೆ ಹೋಯಿತಂತೆ. ಅದೇ ದಿಕ್ಕನ್ನು ಹಿಡಿದು ಹೊರಟರೆ ಇಂದು 44ನೆಯ ರಾಷ್ಟ್ರೀಯ ಹೆದ್ದಾರಿ ಸಿಕ್ಕುವುದು. ಅದು ಕರ್ನೂಲು, ಹೈದರಾಬಾದು, ನಾಗಪುರ, ಆಗ್ರಾ, ದೆಹಲಿಗಳನ್ನು ಹಾಯ್ದು ಶ್ರೀನಗರವನ್ನು ಮುಟ್ಟುವುದು. ಭೂಗೋಳದ ಪಾಠದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದ ನಾವು ಮೂವರು ಗೆಳತಿಯರು, ಎಂದಾದರೊಂದು ದಿನ ಲಡಾಖನ್ನು ಕೂಡಿಯೇ ನೋಡುವೆವೆಂದು ಮಾತು ಕೊಟ್ಟುಕೊಂಡಿದ್ದೆವು. ಮಕ್ಕಳ ಮದುವೆ, ನೌಕರಿಯ ನಿವೃತ್ತಿ ಎಲ್ಲವೂ ಮುಗಿದ ಮೇಲೆ ಆ ಮಾತು ನೆನಪಾಯಿತು.

ಅವೆನ್ಯೂ ರಸ್ತೆಯಲ್ಲಿ ಕೊಂಡ ಭೂಪಟವನ್ನು ನಮ್ಮ ನಡುಮನೆಯಲ್ಲಿ ಹರಡಿಕೊಂಡು ಪ್ರತಿ ಶನಿವಾರವೂ ಸೇರಹತ್ತಿದೆವು. ಲೇಹ್ ಪಟ್ಟಣಕ್ಕೆ ಹೆಸರಾದ ಮೋಟಾರು ದಾರಿಗಳು ಎರಡು. ಮನಾಲಿಯ ದಾರಿ 2020ರಲ್ಲಿ ತೆರೆದ ಅಟಲ್ ಸುರಂಗವನ್ನು ದಾಟಿ, ಕೇಲಾಂಗಿನ ಮೇಲೆ ಹಾಯ್ದು, ಮರಗಿಡಗಳಿಲ್ಲದ ನಿರ್ಜನ ಪರ್ವತಗಳ ನಡುವೆ ಸಾಗಿ, ಸುಮಾರು 17,500 ಅಡಿ ಎತ್ತರದ ತಂಗ್‌ಲಾಂಗ್ ಲಾ ಘಾಟಿಯನ್ನು ಏರುವುದು. ಕೇಲಾಂಗಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮೊರೇವಿಯನ್ ಮಿಷನರಿಗಳು ನೆಲೆಸಿದ್ದರು. ಅವರಲ್ಲೊಬ್ಬರಾದ ಯೇಷ್ಕೆಯವರ ಟಿಬೆಟನ್ ನಿಘಂಟು 1881ರಲ್ಲಿ ಪ್ರಕಟವಾಯಿತು. ಇದನ್ನು ಓದಿದಂದಿನಿಂದ ಆ ದಾರಿಯೇ ಆಗಬೇಕೆಂದು ನನಗೆ ಹಟ.

ಆ ದಾರಿಯಲ್ಲಿ ಹಲವರು ಒಂದು ರಾತ್ರಿ ಸರ್ಚುವಿನ ಡೇರೆಗಳಲ್ಲಿ ತಂಗುವರು. ಅದು ಸುಮಾರು 14,000 ಅಡಿ. ನಮ್ಮ ಬೆಂಗಳೂರು 3,000. ತೆಳುವಾದ ಗಾಳಿಗೆ ಮೈ ಹೊಂದಿಕೊಳ್ಳುವ ಮೊದಲೇ ಮೇಲೇರಿದರೆ ತಲೆನೋವು, ವಾಕರಿಕೆ ಬರುವುವು. ಉಲ್ಬಣಿಸಿದರೆ ಶ್ವಾಸಕೋಶದಲ್ಲಿಯೋ ಮೆದುಳಿನಲ್ಲಿಯೋ ನೀರು ತುಂಬಿ ಪ್ರಾಣಾಪಾಯವಾದೀತು. ಇದನ್ನು ನಾನೇ ಓದಿ ಹೇಳಿ, “ಅದಕ್ಕೆ ಮಾತ್ರೆಯಿದೆಯಲ್ಲ!” ಎಂದು ನಕ್ಕುಬಿಟ್ಟೆ. ಗೆಳತಿಯರೂ ನಕ್ಕರು.

ಮರುವಾರ ಅವರಲ್ಲೊಬ್ಬಳ ಮಗಳು ಒಬ್ಬಳೇ ಬಂದು ಬಾಗಿಲಲ್ಲಿ ನಿಂತಳು. “ಆಂಟಿ, ಅಮ್ಮನಿಗೆ ಹೃದಯದ ತೊಂದರೆಯಿದೆ. ಅಷ್ಟು ಎತ್ತರ ಕೂಡದೆಂದು ಡಾಕ್ಟರು ಹೇಳಿದ್ದಾರೆ. ಹೇಳಿದರೆ ನಿಮಗೆ ಕೊಟ್ಟ ಮಾತು ಮುರಿದಂತಾಗುತ್ತದೆಂದು ಅಮ್ಮ ಬಾಯಿಬಿಟ್ಟಿಲ್ಲ,” ಎಂದಳು. ಗೆಳತಿಯ ಮೌನವನ್ನು ಒಪ್ಪಿಗೆಯೆಂದು ತಿಳಿದಿದ್ದ ನನಗೆ ನಾಚಿಕೆಯಿಂದ ಮಾತೇ ಹೊರಡಲಿಲ್ಲ.

ಪ್ರವಾಸವನ್ನೇ ಕೈಬಿಡೋಣವೆಂದೆ. ಅದಕ್ಕೆ ಅವಳು, “ನನ್ನ ನೆಪದಲ್ಲಿ ನೀವು ಮನೆಯಲ್ಲಿ ಕೂತರೆ ಆ ಭಾರ ನನ್ನ ಮೇಲೆ ಕಣ್ರೇ. ಎಲ್ಲಿಯವರೆಗೆ ಬರಬಹುದೋ ಅಲ್ಲಿಯವರೆಗೆ ಬರುತ್ತೇನೆ,” ಎಂದಳು. ಮೂವರೂ ಕೂಡಿ ಡಾಕ್ಟರ ಬಳಿಗೆ ಹೋದೆವು. ಸುಮಾರು 5,200 ಅಡಿ ಎತ್ತರದ ಶ್ರೀನಗರದವರೆಗೆ ಅವರು ಒಪ್ಪಿದರು.

ಆದುದರಿಂದ ಮನಾಲಿಯನ್ನು ಬಿಟ್ಟೆವು. ಶ್ರೀನಗರದವರೆಗಿನ ಸುಮಾರು ಮೂರು ಸಾವಿರ ಕಿಲೋಮೀಟರುಗಳನ್ನು, ರಾತ್ರಿ ಗಾಡಿ ನಡೆಸದೆ, ಎಂಟು ಹಗಲುಗಳಲ್ಲಿ ಮೂವರೂ ಕ್ರಮಿಸುವೆವು. ಅವಳು ತನ್ನ ಮಗಳೊಡನೆ ಝೇಲಂ ದಡದಲ್ಲಿ ಉಳಿಯುವಳು. ಹಿಮ ಕರಗಿದ ಜೂನ್ ತಿಂಗಳಲ್ಲಿ ನಾವಿಬ್ಬರು ಝೋಜಿ ಲಾ ದಾಟಿ, 8,800 ಅಡಿಯ ಕಾರ್ಗಿಲಿನಲ್ಲಿ ಮಲಗಿ, ಮರುದಿನ ಫೋಟು ಲಾ ಏರಿಳಿದು, 11,500 ಅಡಿಯ ಲೇಹ್ ಸೇರಿ, ಎರಡು ದಿನ ಸುಮ್ಮನೆ ವಿಶ್ರಮಿಸಿ, ಬಳಿಕ ಅವಳ ಬಳಿಗೆ ಮರಳುವೆವು.

ಪ್ರಿಯ ಸೋದರಿಯರೇ, ಕೂಡಿ ಪ್ರಯಾಣ ಹೊರಡುವಾಗ ಮೈಲಿಗಳನ್ನೆಣಿಸುವುದಕ್ಕೆ ಮುಂಚೆ ಜೊತೆಯವರ ಕ್ಷೇಮವನ್ನು ವಿಚಾರಿಸಿರಿ. ನಾನು ಅದನ್ನು ತಡವಾಗಿ ಕಲಿತೆನು. ಭೂಪಟದಲ್ಲಿ ಮನಾಲಿಯ ಕೆಂಪು ಗೆರೆಯನ್ನು ರಬ್ಬರಿನಿಂದ ಉಜ್ಜಿ ತೆಗೆದವಳೂ ನಾನೇ.

— ಒಬ್ಬ ಹಳೆಯ ವಿದ್ಯಾರ್ಥಿನಿ