ಬೆಸುಗೆ ಬೇಡದ ಹಲಗೆ

ಕೊಲ್ಹಾರವೆಂದರೆ ಜನಕ್ಕೆ ಮೊದಲು ನೆನಪಾಗುವುದು ಮಣ್ಣಿನ ಕುಡಿಕೆಯ ಗಟ್ಟಿ ಮೊಸರು. ಇಂಥ ಊರಿನಲ್ಲಿ ಎಲೆಕ್ಟ್ರಾನಿಕ್ಸಿನ ಹುಚ್ಚು ಹತ್ತಿದವನಿಗೆ ಪ್ರಯೋಗದ ಸಾಮಾನಿಗೇನು ಬರ?

ಸರ್ಕಿಟ್ಟು ಜೋಡಿಸುವ ನನ್ನ ಬ್ರೆಡ್‌ಬೋರ್ಡು ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಬಂದದ್ದು. ಬಿಳಿ ಪ್ಲಾಸ್ಟಿಕ್ಕಿನ ಹಲಗೆ, ಮೈತುಂಬ 830 ತೂತು. ತೂತಿನಿಂದ ತೂತಿಗೆ 2.54 ಮಿಲಿಮೀಟರ್ ಅಂತರ. ನಡುಭಾಗದಲ್ಲಿ ಐದೈದು ತೂತಿನ ಅಡಿಗೆ ಒಂದೊಂದು ಲೋಹದ ಕ್ಲಿಪ್ಪು. ಅಂಚಿನ ಉದ್ದ ಸಾಲುಗಳು ಬ್ಯಾಟರಿಗೆ ಮೀಸಲು. ವಾಯರಿನ ತುದಿ ಒತ್ತಿದರೆ ಕ್ಲಿಪ್ಪು ಕಚ್ಚಿಕೊಳ್ಳುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಕಾದ ಕಬ್ಬಿಣ, ಹೊಗೆ ಯಾವುದರ ರಗಳೆಯೂ ಇಲ್ಲ.

ಒಂದು ಮಧ್ಯಾಹ್ನ ಬಿ.ಸಿ. 547 ಟ್ರಾನ್ಸಿಸ್ಟರು, ಒಂದು ಎಲ್‌ಇಡಿ, ಎರಡು ರೆಸಿಸ್ಟರು, ಒಂಬತ್ತು ವೋಲ್ಟಿನ ಬ್ಯಾಟರಿ ಜೋಡಿಸಿ, ಎರಡು ವಾಯರುಗಳನ್ನು ಮೊಸರಿನ ಬಟ್ಟಲಿಗೆ ಇಳಿಬಿಟ್ಟೆ. ಕೆಂಪು ದೀಪ ಹತ್ತಿಕೊಂಡಿತು. ಅವ್ವ ಬಾಗಿಲಲ್ಲೇ ನಿಂತಳು.

"ಹಾಲಿಗೆ ಹೆಪ್ಪು ಹಾಕೋದು ಗೊತ್ತು. ಮೊಸರಿಗೆ ವಾಯರ್ ಹಾಕೋದು ಇದ ಮೊದಲ ನೋಡಾಕತ್ತೀನಿ."

"ಮೊಸರಿನ್ಯಾಗೂ ಕರೆಂಟ್ ಹಾಯತೈತವ್ವ."

"ಹಂಗಾದ್ರ ನಾಳಿಂದ ಕರೆಂಟ್ ಬಿಲ್ ಕಟ್ಟಬ್ಯಾಡ ಬಿಡು."

ಮೊಸರಿನ ಹುಳಿ, ಲವಣಗಳ ಮೂಲಕ ಹಾಯುವ ಕರೆಂಟು ತೀರಾ ಸಣ್ಣದು. ಅದನ್ನು ದೀಪ ಹತ್ತುವಷ್ಟು ಹಿಗ್ಗಿಸುವುದು ಟ್ರಾನ್ಸಿಸ್ಟರಿನ ಕೆಲಸ. ಎಲ್‌ಇಡಿ ಕಿತ್ತು ಬಜರ್ ಚುಚ್ಚಿ, ವಾಯರುಗಳನ್ನು ಮಾಳಿಗೆಯ ಟ್ಯಾಂಕಿನ ಕಂಠದಲ್ಲಿ ಇಳಿಬಿಟ್ಟರೆ ನೀರು ತುಂಬಿದ ಕೂಡಲೇ ಕೂಗುತ್ತದೆ. ಆಗ ಮಾತ್ರ ಅವ್ವ ನನ್ನ ವಿದ್ಯೆಯನ್ನು ಒಪ್ಪಿದಳು.

ರೇಡಿಯೊದ ಆರಂಭದ ಕಾಲದಲ್ಲಿ ಪಡುವಲ ದೇಶಗಳ ಹವ್ಯಾಸಿಗಳು ಬ್ರೆಡ್ ಕತ್ತರಿಸುವ ಮರದ ಹಲಗೆಗೇ ಮೊಳೆ ಹೊಡೆದು ರೇಡಿಯೊ ಕಟ್ಟುತ್ತಿದ್ದರಂತೆ. ಅವರ ಮನೆಯ ಹೆಂಗಸರು ಏನಂದರೋ, ಚರಿತ್ರೆ ಬರೆದವರು ಬರೆದಿಟ್ಟಿಲ್ಲ. ಈಗಿನ ತೂತಿನ ಬೋರ್ಡಿನ ವಿನ್ಯಾಸ 1971ರಲ್ಲಿ ಅಮೆರಿಕದ ಇ ಅಂಡ್ ಎಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ರೊನಾಲ್ಡ್ ಪೋರ್ಚುಗಲ್ ಅವರದು. ಅದೇ ವರ್ಷ ಹಾನ್ಸ್ ಕಾಮೆನ್‌ಜಿಂಡ್ 555 ಎಂಬ ಟೈಮರ್ ಚಿಪ್ಪನ್ನು ರೂಪಿಸಿದರು. ಮರುವರ್ಷ ಅದು ಮಾರುಕಟ್ಟೆಗೆ ಬಂತು. ಬೋರ್ಡಿನ ನಡುವಿನ ಓಣಿಯ ಆಚೆ ನಾಲ್ಕು, ಈಚೆ ನಾಲ್ಕು ಕಾಲಿಟ್ಟು ಈ ಚಿಪ್ಪು ಕೂರುವ ಠೀವಿ ನೋಡಬೇಕು. ದೀಪ ಮಿಣುಕಿಸಲು ಕಲಿತವರಲ್ಲಿ ಬಹಳ ಮಂದಿಗೆ ಇದೇ ಮೊದಲ ಗುರು.

ಈ ಹಲಗೆಗೂ ದೌರ್ಬಲ್ಯಗಳಿವೆ. ಬಳಸಿ ಬಳಸಿ ಕ್ಲಿಪ್ಪು ಸಡಿಲಾಗುತ್ತದೆ. ಅಕ್ಕಪಕ್ಕದ ಕ್ಲಿಪ್ಪುಗಳ ನಡುವೆ ತಾನಾಗಿ ಹುಟ್ಟುವ ಕೆಪಾಸಿಟನ್ಸಿನಿಂದಾಗಿ ಎಫ್‌ಎಂ ರೇಡಿಯೊದಂಥ ಹೆಚ್ಚು ಕಂಪನಾಂಕದ ಸರ್ಕಿಟ್ಟು ಇದರ ಮೇಲೆ ನೆಟ್ಟಗೆ ನಡೆಯುವುದಿಲ್ಲ. ಮರದ ಹಲಗೆ ಹುಟ್ಟಿದ್ದೇ ರೇಡಿಯೊಗಾಗಿ. ಅದರ ಮೊಮ್ಮಗನಿಗೆ ರೇಡಿಯೊ ಎಂದರೆ ಅಲರ್ಜಿ!

ಕಿತ್ತು ಬೇರೆಡೆ ಚುಚ್ಚುವುದು ಈ ಹಲಗೆಯ ಮೇಲೆ ಸಲೀಸು. ಊರಿಗೆ ಹಾಗಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. ಮುಂದೆ ಕೃಷ್ಣೆಯ ಹಿನ್ನೀರು ಏರಿ ನಮ್ಮ ಹಳೆಯ ಕೊಲ್ಹಾರ ಮುಳುಗಿತು, ಮನೆಮಠಗಳು ಎತ್ತರದ ನೆಲಕ್ಕೆ ಬಂದವು. ಅಲ್ಲಿಯ ನೆರೆಹೊರೆಯನ್ನು ಇದ್ದ ಹಾಗೆಯೇ ಇಲ್ಲಿ ತಂದು ಜೋಡಿಸಲು ಆಗಲಿಲ್ಲ ಎಂದು ಹಿರಿಯರು ಈಗಲೂ ಹಳಹಳಿಸುತ್ತಾರೆ.

ತಪ್ಪಿದರೆ ಕಿತ್ತು ಮತ್ತೆ ಜೋಡಿಸುವ ಅವಕಾಶ ಬದುಕಿನಲ್ಲಿ ಅಪರೂಪ. ಅದನ್ನು ಕೊಡುವ ಈ ಹಲಗೆಯನ್ನು ಹೈಸ್ಕೂಲಿನ ಮಕ್ಕಳ ಕೈಗೆ ಕೊಡಿಸಿ. ಮನೆಯ 230 ವೋಲ್ಟಿನ ಕರೆಂಟನ್ನು ಮಾತ್ರ ಇದರ ಹತ್ತಿರ ಸುಳಿಯಗೊಡಬೇಡಿ. ಪಕ್ಕದ ಕೂಡಗಿಯ ಸ್ಥಾವರ 2400 ಮೆಗಾವಾಟ್ ವಿದ್ಯುತ್ ಉತ್ಪಾದಿಸಬಲ್ಲದು. ಕಲಿಯುವುದಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ ಧಾರಾಳ.