ಎಣಿಕೆಗೆ ಬಾರದ ಅವ್ವ

ನಮ್ಮ ಕಡೆ ಇಟ್ಟಿಗೆಗೆ ಇಟ್ಟಂಗಿ ಅಂತಾರೆ. ನಮ್ಮೂರು ಇಟ್ಟಂಗಿಹಾಳ. ಹೆಸರು ಕೇಳಿದವರೆಲ್ಲ "ನಿಮ್ಮೂರಾಗ ಇಟ್ಟಂಗಿ ಭಟ್ಟಿ ಭಾಳ ಅದಾವೇನ್ರಿ?" ಅಂತ ಕೇಳುವುದುಂಟು. ಇರಲಿ, ಇವತ್ತು ಹೇಳಹೊರಟಿದ್ದು ಇಟ್ಟಂಗಿ ಬಗ್ಗೆ ಅಲ್ಲ, ರಸ್ತೆ ಬಗ್ಗೆ.

2009ರ ಮಾತು. ವಿಜಯಪುರಕ್ಕೆ ಆಗಿನ್ನೂ ಬಿಜಾಪುರ ಅಂತಲೇ ಹೆಸರು (ನಮ್ಮವರ ಬಾಯಲ್ಲಿ ಮಾತ್ರ ಅವತ್ತೂ ಇವತ್ತೂ ವಿಜಾಪುರ). ನಾನು ಸಿವಿಲ್ ಡಿಪ್ಲೊಮಾ ಓದುತ್ತಿದ್ದೆ. ಯಾವುದೋ ಕಂಪನಿಯವರು ವಾಹನ ಎಣಿಸಲು ಹುಡುಗರು ಬೇಕು ಅಂದರು. ದಿನಕ್ಕೆ ಇನ್ನೂರು ರೂಪಾಯಿ, ಮೇಲೆ ನಾಷ್ಟಾ. ಇನ್ನೇನು ಬೇಕು? ಅಥಣಿ ರಸ್ತೆಯ ಒಂದು ಕ್ರಾಸಿನಲ್ಲಿ ಬೇವಿನ ಗಿಡದ ಕೆಳಗೆ ಪ್ಯಾಡು, ಪೆನ್ನು ಹಿಡಿದು ಕೂತೆ.

ಕೆಲಸ ಸುಲಭ. ಪ್ರತಿ ಹದಿನೈದು ನಿಮಿಷಕ್ಕೊಂದು ಸಾಲು. ನೇರ ಹೋದದ್ದೆಷ್ಟು, ಎಡಕ್ಕೆಷ್ಟು, ಬಲಕ್ಕೆಷ್ಟು. ನಾಲ್ಕು ಗೀಟು ಉದ್ದಕ್ಕೆ, ಐದನೆಯದು ಅಡ್ಡ. ಆಮೇಲೆ ಎಲ್ಲವನ್ನೂ 'ಕಾರು'ಗಳಾಗಿ ಬದಲಾಯಿಸುತ್ತಾರೆ. ಹಳ್ಳಿ ಕಡೆಯ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಕೋಷ್ಟಕದಲ್ಲಿ ಬೈಕು ಅಂದರೆ ಅರ್ಧ ಕಾರು, ಬಸ್ಸು ಮೂರು, ಟ್ರೇಲರ್ ಇರುವ ಟ್ರ್ಯಾಕ್ಟರ್ ನಾಲ್ಕೂವರೆ. ಚಕ್ಕಡಿ ಎಷ್ಟು ಗೊತ್ತೇ? ಎಂಟು! ನಮ್ಮಪ್ಪನ ಚಕ್ಕಡಿ ಎಂಟು ಕಾರಿಗೆ ಸಮ ಅಂತ ತಿಳಿದ ದಿನ ಎದೆ ಉಬ್ಬಿತ್ತು. ಅದು ಮರ್ಯಾದೆಯಲ್ಲ, ಅಷ್ಟು ಅಡ್ಡಿ ಅಂತ ಅರ್ಥ ಅನ್ನುವುದು ಆಮೇಲೆ ತಿಳಿಯಿತು :)

ಎರಡನೇ ದಿನ ಬೆಳಿಗ್ಗೆ ತಲೆ ಎತ್ತಿ ನೋಡುತ್ತೇನೆ, ರಸ್ತೆಯ ಆಚೆ ಬದಿ ಅವ್ವ ನಿಂತಿದ್ದಾಳೆ! ತಲೆ ಮೇಲೆ ಬದನೆಕಾಯಿ ಬುಟ್ಟಿ. ಪೇಟೆಯ ಬಸ್ಸು ನಿಲ್ಲುವುದು ಈಚೆ ಬದಿ. ಒಂದು ಹೆಜ್ಜೆ ಮುಂದಿಡುತ್ತಾಳೆ, ಟಂಟಂ ಬರುತ್ತದೆ, ಹಿಂದೆ ಸರಿಯುತ್ತಾಳೆ. ಮತ್ತೆ ಮುಂದೆ... ಮತ್ತೆ ಲಾರಿ. ನಾನು ಎದ್ದು ಹೋಗಬೇಕಿತ್ತು. ಆದರೆ ಮೇಲ್ವಿಚಾರಕ "ಏನಾದ್ರೂ ಜಾಗ ಬಿಟ್ಟು ಏಳಬ್ಯಾಡ್ರಿ" ಅಂದಿದ್ದ. ಕೂತೇ ಇದ್ದೆ, ಗೀಟು ಎಳೆಯುತ್ತ.

ಕೊನೆಗೆ ಅವ್ವ ಕೈ ಅಡ್ಡ ಹಿಡಿದು ನಡೆದೇಬಿಟ್ಟಳು. ಬೈಕೊಂದು ಸವರಿಕೊಂಡು ಹೋಯಿತು. ಬುಟ್ಟಿ ಬಿತ್ತು. ಬದನೆಕಾಯಿ ರಸ್ತೆ ತುಂಬ. ನಾನು ಓಡಿದೆ. ಮೊಣಕೈ ತರಚಿತ್ತು, ಅಷ್ಟೇ. ಅವಳು ಬದನೆಕಾಯಿ ಆರಿಸುತ್ತಲೇ ಕೇಳಿದಳು:

"ಏನ್ ಬರಕೋತ ಕುಂತಿದ್ಯೋ ತಮ್ಮಾ ಅಲ್ಲಿ?"

"ರಸ್ತಾದಾಗ ಎಷ್ಟು ಗಾಡಿ ಹೋಗ್ತಾವಂತ ಎಣಸಾಕತ್ತೀನಿ ಬೇ."

"ನನ್ನ ಎಣಸಿದೇನು?"

ತಮಾಷೆಗೇ ಕೇಳಿದ್ದಳು. ವಾಪಸ್ ಬಂದು ಹಾಳೆ ನೋಡಿದೆ. ಸವರಿಕೊಂಡು ಹೋದ ಬೈಕಿಗೆ ಒಂದು ಗೀಟು ಬಿದ್ದಿತ್ತು. ಅವ್ವನಿಗೆ ಕಾಲಮ್ಮೇ ಇರಲಿಲ್ಲ.

ಈಗ ನಾನೂ ಹುಬ್ಬಳ್ಳಿಯಲ್ಲಿ ಇದೇ ಕೆಲಸದಲ್ಲಿದ್ದೇನೆ, ಇನ್ನು ಇಪ್ಪತ್ತು ವರ್ಷಕ್ಕೆ ಕ್ರಾಸುಗಳು ಹೇಗಿರಬೇಕು ಅಂತ ನಕ್ಷೆ ಬರೆಯುವುದು. ವರ್ಷಕ್ಕೆ ಶೇಕಡಾ 5ರಂತೆ ಬೆಳೆದರೂ ಇವತ್ತಿನ 1000 ವಾಹನ ಇಪ್ಪತ್ತು ವರ್ಷಕ್ಕೆ 2650 ದಾಟುತ್ತದೆ. ನಾಲ್ಕು ದಾರಿ ಕೂಡುವಲ್ಲಿ ವಾಹನಗಳು ಒಂದಕ್ಕೊಂದು ತಾಗಬಹುದಾದ ಬಿಂದುಗಳು 32. ಮಧ್ಯೆ ಸರಿಯಾದ ವೃತ್ತ ಕಟ್ಟಿದರೆ ಅವೇ 8. ಇದೆಲ್ಲ ನಿಜ, ಬೇಕಾದದ್ದೇ. ಆದರೆ ರಸ್ತೆ ಅಗಲ ಮಾಡಿದಷ್ಟೂ ಅವ್ವ ದಾಟಬೇಕಾದ ದೂರವೂ ಹೆಚ್ಚುತ್ತದೆ. ನಾವು ಲೆಕ್ಕಕ್ಕೆ ಹಿಡಿಯುವ ನಡಿಗೆ ಸೆಕೆಂಡಿಗೆ 1.2 ಮೀಟರ್, ಅಂದರೆ 12 ಮೀಟರ್ ರಸ್ತೆಗೆ ಹತ್ತು ಸೆಕೆಂಡು. ಮೊಣಕಾಲು ನೋವಿನ ಅವ್ವನಿಗೆ ಇಪ್ಪತ್ತಾದರೂ ಬೇಕು.

ಹಾಗಂತ ಪುಸ್ತಕದವರು ನಡೆಯುವವರನ್ನು ಮರೆತಿಲ್ಲ. ಪಾದಚಾರಿಗಳಿಗೆಂದೇ ಬೇರೆ ಮಾರ್ಗಸೂಚಿ ಇದೆ. ದಾಟುವ ಜಾಗಕ್ಕೆ ವ್ಯವಸ್ಥೆ ಬೇಕೋ ಬೇಡವೋ ಅನ್ನಲು ಅದರಲ್ಲೊಂದು ಲೆಕ್ಕವಿದೆ. ತಾಸಿಗೆ ದಾಟುವ ಮಂದಿಯ ಸಂಖ್ಯೆಯನ್ನು ವಾಹನ ಸಂಖ್ಯೆಯ ವರ್ಗದಿಂದ ಗುಣಿಸುವುದು. ಅದಕ್ಕೇ ನಾನು ಈಗ ಎಲ್ಲಿ ಎಣಿಕೆ ಮಾಡಿಸಿದರೂ ಹಾಳೆಯ ಕೊನೆಗೆ ಕೈಯಿಂದ ಒಂದು ಕಾಲಮ್ ಎಳೆಸುತ್ತೇನೆ, 'ನಡೆದು ದಾಟಿದವರು' ಅಂತ. ಹೀಗೆ ಮಾಡಿ ಅವ್ವನ ಸಾಲ ತೀರಿಸಿದೆ ಅಂದುಕೊಂಡಿದ್ದೆ.

ಮೊನ್ನೆ ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೆಮ್ಮೆಯಿಂದ ಹೇಳಿದೆ. ಜೋಳದ ಹಿಟ್ಟು ನಾದುತ್ತಿದ್ದವಳು ನಕ್ಕಳು.

"ನಾ ಆ ರಸ್ತಾ ದಾಟೂದು ಬಿಟ್ಟು ನಾಕು ವರ್ಷ ಆತಲ್ಲೋ. ಗಾಡಿ ಭಾಳ ಆಗ್ಯಾವು. ಕಾಯಿಪಲ್ಲೆ ಟಂಟಂನವಗ ಕೊಟ್ಟಬಿಡ್ತೀನಿ, ಅಂವಾ ಕೊಟ್ಟಷ್ಟು ಕೊಡ್ತಾನ. ಇನ್ನ ನನ್ನೆಲ್ಲಿ ಎಣಸ್ತಿ?"

ನಾನು ಸುಮ್ಮನಾದೆ. ಹೆದರಿ ನಿಂತುಬಿಟ್ಟವರು ನನ್ನ ಕಾಲಮ್ಮಿಗೂ ಬರುವುದಿಲ್ಲ! ದಾಟುವವರ ಸಂಖ್ಯೆ ಸೊನ್ನೆಯಾದರೆ ಅದನ್ನು ಎಷ್ಟು ದೊಡ್ಡ ವರ್ಗದಿಂದ ಗುಣಿಸಿದರೂ ಸೊನ್ನೆಯೇ. ರಸ್ತೆ ಅಪಾಯವಾದಷ್ಟೂ 'ಇಲ್ಲಿ ಯಾರೂ ದಾಟುವುದಿಲ್ಲ, ಏನೂ ಬೇಡ' ಅಂತ ಹಾಳೆ ಹೇಳುತ್ತದೆ. ಮುಂದಿನ ಇಪ್ಪತ್ತು ವರ್ಷದ ನಕ್ಷೆ ಬರೆಯುವುದು ಆ ಹಾಳೆಯ ಮೇಲೆ.

ಅವ್ವನಿಗೆ ಬೇಕಿದ್ದದ್ದು ದೊಡ್ಡ ಫ್ಲೈಓವರ್ ಏನಲ್ಲ. ನಡುವೆ ನಿಂತು ಉಸಿರು ಬಿಡಲು ಎರಡು ಮೀಟರ್ ಅಗಲದ ಕಟ್ಟೆ, ವಾಹನ ನಿಧಾನವಾಗುವಂತೆ ತುಸು ಎತ್ತರಿಸಿದ ದಾಟುದಾರಿ, ಮೂಲೆಗೇ ಅಂಟಿಕೊಳ್ಳದ ಟಂಟಂ ಸ್ಟ್ಯಾಂಡು. ಅಷ್ಟಿದ್ದರೆ ಬುಟ್ಟಿ ಹೊತ್ತು ಅವಳೇ ಪೇಟೆಗೆ ಹೋಗುತ್ತಿದ್ದಳು, ತನ್ನ ರೇಟು ತಾನೇ ಹೇಳುತ್ತಿದ್ದಳು.

ಈಗ ಎಣಿಕೆಗೆ ಹೋದಲ್ಲೆಲ್ಲ ಹುಡುಗರಿಗೆ ಇನ್ನೊಂದು ಕೆಲಸ ಹಚ್ಚುತ್ತಿದ್ದೇನೆ. ಅಕ್ಕಪಕ್ಕದ ಹತ್ತು ಮನೆಗೆ ಹೋಗಿ "ನೀವು ಈ ರಸ್ತೆ ದಾಟೋದು ಬಿಟ್ಟಿದ್ದೀರಾ? ಯಾವಾಗಿಂದ?" ಅಂತ ಕೇಳುವುದು. ಕಂಪನಿಯವರು ಇದಕ್ಕೆ ದುಡ್ಡು ಕೊಡುವುದಿಲ್ಲ, ನಾಷ್ಟಾ ನನ್ನದೇ.

ನಿಮ್ಮ ಮನೆಯಲ್ಲೂ ಹೀಗೆ ರಸ್ತೆ ದಾಟುವುದನ್ನೇ ಬಿಟ್ಟವರು ಯಾರಾದರೂ ಇದ್ದಾರಾ? ಒಮ್ಮೆ ಕೇಳಿ ನೋಡಿ.