ಮಸೂರ ವಿಚಾರ

ಗಾಜಿನ ಮಸೂರಕ್ಕೆ ಆ ಹೆಸರು ಬಂದುದು ಅಡುಗೆಮನೆಯಿಂದ. ನಾವು ಚನ್ನಂಗಿಬೇಳೆಯೆಂದು ಕರೆಯುವ ಕಾಳಿಗೆ ಸಂಸ್ಕೃತದಲ್ಲಿ ಮಸೂರವೆಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅದೇ ಕಾಳಿಗೆ ಲೆನ್ಸ್ ಎನ್ನುವರು. ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದ ಗಾಜನ್ನು ಕಂಡ ಪಾಶ್ಚಾತ್ಯರಿಗೆ ಕಾಳಿನ ನೆನಪಾಯಿತು. ನಮ್ಮ ಪಾಠಪುಸ್ತಕಗಳಲ್ಲಿಯೂ ಅದೇ ಅರ್ಥದ ಮಾತು ನೆಲೆಗೊಂಡಿತು. ಪಾಠಶಾಲೆಯಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದ ನನಗೆ ಕ್ಯಾಮರಾ ಪ್ರಪಂಚದಲ್ಲಿ ಪೂರ್ವಪರಿಚಿತವಾದುದು ಈ ಒಂದು ಶಬ್ದವೇ. ಉಳಿದುದನ್ನು ತಂಗಿಯ ಮಗನಿಂದ ಕೇಳಿ ತಿಳಿದೆನು. ಇತರ ಮನೆಗಳಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆತನು ಎರಡು ವರ್ಷ ಹಣ ಕೂಡಿಟ್ಟು ಜೂಮ್ ಲೆನ್ಸೊಂದನ್ನು ಕೊಳ್ಳಬೇಕೆಂದಿದ್ದನು. ಒಂದನ್ನು ಮಾತ್ರ, ಆದರೆ ಮನಸ್ಸು ಎರಡರ ಮೇಲಿತ್ತು. ಮೊದಲನೆಯದು 150ರಿಂದ 600 ಮಿಲಿಮೀಟರಿನದು, ಗುಡವಿಯ ಪಕ್ಷಿಧಾಮಕ್ಕಾಗಿ. ನಮ್ಮ ಸೊರಬ ತಾಲ್ಲೂಕಿನ ಆ ಕೆರೆಗೆ ಮಳೆಗಾಲ ಹಿಡಿದೊಡನೆ ಬೆಳ್ಳಕ್ಕಿ, ನೀರುಕಾಗೆ ಮೊದಲಾದವು ಬಂದು ಗೂಡು ಕಟ್ಟುತ್ತವೆ. ಎರಡನೆಯದು 24ರಿಂದ 70 ಮಿಲಿಮೀಟರಿನದು. ಅದು ನಮ್ಮ ತಾಯಿಯವರ ಹಾಡುಗಳಿಗಾಗಿ.

ತಾಯಿಯವರಿಗೆ ಈಗ ಎಂಬತ್ತೆಂಟು ವರ್ಷ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ಇವೆಲ್ಲ ಅವರ ನಾಲಿಗೆಯ ಮೇಲಲ್ಲದೆ ಬೇರೆಲ್ಲಿಯೂ ಇಲ್ಲ. ಅವರು ಹಾಡುವುದು ಜಡೆಯ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ಕುಳಿತು. ಅಲ್ಲಿರುವುದು ಒಂದು ಬೆಳಕಿಂಡಿ ಮಾತ್ರ. ದೊಡ್ಡ ದೀಪಗಳನ್ನು ತಂದಿಟ್ಟರೆ, “ಇದೇನು ನಾಟಕವೇನೋ?” ಎಂದು ಬಾಯಿಮುಚ್ಚಿ ಎದ್ದುಬಿಡುವರು.

ಜೂಮ್ ಲೆನ್ಸೆಂದರೆ, ನಿಂತಲ್ಲಿಂದ ಕದಲದೆ ದೂರದ್ದನ್ನು ಹತ್ತಿರಕ್ಕೆ ತಂದುಕೊಳ್ಳಲು ಸಂಗಮದೂರವನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಮಸೂರಸಮೂಹ. 24 ಮಿಲಿಮೀಟರಿನಲ್ಲಿ ಸುಮಾರು 84 ಅಂಶಗಳಷ್ಟು ಅಗಲದ ದೃಶ್ಯ ಸಿಕ್ಕಿದರೆ, 600ರಲ್ಲಿ ಸಿಕ್ಕುವುದು 4 ಅಂಶಗಳು ಮಾತ್ರ. ಇದು ಹುಟ್ಟಿದುದು ಚಲಚ್ಚಿತ್ರದ ಸೇವೆಗೆ. 40ರಿಂದ 120 ಮಿಲಿಮೀಟರಿನ ಕುಕ್ ವಾರೋ ಎಂಬ ಲೆನ್ಸು ಸಿನಿಮಾ ಕ್ಯಾಮರಾಗಳಿಗಾಗಿ 1932ರಲ್ಲಿಯೇ ಬಂದಿತು. 35 ಮಿಲಿಮೀಟರಿನ ಛಾಯಾಚಿತ್ರದ ಕ್ಯಾಮರಾಗಳಿಗೆ ಇಂಥದು ಮೊದಲು ದೊರೆತುದು 1959ರಲ್ಲಿ, ಫೋಗ್ಟ್‌ಲೆಂಡರ್ ಸಂಸ್ಥೆಯ ಜೂಮಾರಿನಿಂದ. ಕಾಲಕ್ರಮದಲ್ಲಿ ಎರಡು ವಿದ್ಯೆಗಳ ಬೇಡಿಕೆಗಳೂ ಬೇರೆಬೇರೆಯಾದುವು.

ಮೊದಲನೆಯ ಭೇದ ಬೆಳಕಿನದು. ಹುಡುಗನು ಬಯಸಿದ ಚಿಕ್ಕ ಲೆನ್ಸಿನ ರಂಧ್ರ ಎಲ್ಲ ಸಂಗಮದೂರಗಳಲ್ಲಿಯೂ 2.8ರ ಪ್ರಮಾಣದಲ್ಲಿ ತೆರೆದಿರಬಲ್ಲುದು. ದೊಡ್ಡದರ ರಂಧ್ರವಾದರೋ 5ರಲ್ಲಿ ಆರಂಭಿಸಿ, ಜೂಮ್ ಮಾಡಿದಂತೆ 6.3ಕ್ಕೆ ಕಿರಿದಾಗುವುದು. ಇಲ್ಲಿ ಅಂಕೆ ದೊಡ್ಡದಾದಷ್ಟೂ ಬೆಳಕು ಕಡಮೆ: 2.8ರಲ್ಲಿ ಒಳಬರುವುದರ ಕಾಲುಭಾಗ ಮಾತ್ರವೇ 5.6ರಲ್ಲಿ ಬರುವುದು.

ಛಾಯಾಚಿತ್ರದಲ್ಲಿ ಈ ಕೊರತೆಗೆ ಕೆಲವೆಡೆ ಪರಿಹಾರವುಂಟು. ಆನವಟ್ಟಿಯ ಬಳಿಯ ಕುಬಟೂರಿನ ಕೈಟಭೇಶ್ವರ ದೇವಾಲಯದ ಕತ್ತಲಲ್ಲಿ ಕ್ಯಾಮರಾವನ್ನು ಮುಕ್ಕಾಲಿಯ ಮೇಲಿಟ್ಟು ಒಂದು ಸೆಕೆಂಡು ಕಾದರೆ ಸಾಕು; ಕಂಬವೇನೂ ಓಡಿಹೋಗದು. ಚಲಚ್ಚಿತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ಸೆಕೆಂಡಿಗೆ 25 ಚಿತ್ರಗಳಂತೆ ತೆಗೆಯುವಾಗ ಒಂದೊಂದಕ್ಕೂ ಸೆಕೆಂಡಿನ ಐವತ್ತರಲ್ಲೊಂದು ಪಾಲು ಕಾಲವನ್ನು ಕೊಡುವುದು ವಾಡಿಕೆ. ಚಲನೆ ಸಹಜವಾಗಿ ಕಾಣುವುದೂ, ನಮ್ಮ ದೇಶದ ವಿದ್ಯುದ್ದೀಪಗಳ ಕೆಳಗೆ ಮಿನುಗಾಟ ತಪ್ಪುವುದೂ ಇದರಿಂದಲೇ. ಕಾಲವನ್ನು ಹಿಗ್ಗಿಸುವಂತಿಲ್ಲವಾದುದರಿಂದ ರಂಧ್ರವೇ ಗತಿ. ಹಾಡಿನ ನಡುವೆ ಜೂಮ್ ಮಾಡಿದಾಗ ರಂಧ್ರ ಕಿರಿದಾದರೆ, ಮುಖ ಹತ್ತಿರ ಬಂದಂತೆಲ್ಲ ಮಂಕಾಗುತ್ತ ಹೋಗುವುದು.

ಎರಡನೆಯ ಭೇದ ಸ್ಥೈರ್ಯದ್ದು. ಸಿನಿಮಾಕ್ಕಾಗಿಯೇ ಮಾಡಿದ ಲೆನ್ಸಿನಲ್ಲಿ ಒಮ್ಮೆ ಸ್ಪಷ್ಟಗೊಳಿಸಿದ ವಸ್ತು ಜೂಮ್ ಮಾಡಿದರೂ ಸ್ಪಷ್ಟವಾಗಿಯೇ ಉಳಿಯುವುದು. ಛಾಯಾಚಿತ್ರದ ಲೆನ್ಸುಗಳಲ್ಲಿ ಅನೇಕವು ಹೀಗಿಲ್ಲ. ಪ್ರತಿಯೊಂದು ಚಿತ್ರಕ್ಕೂ ಹೊಸದಾಗಿ ಸ್ಪಷ್ಟಪಡಿಸಿಕೊಳ್ಳುವುದು ಅಲ್ಲಿ ಸಾಧ್ಯವಾದುದರಿಂದ, ತಯಾರಕರು ಆ ಗುಣವನ್ನು ಬಿಟ್ಟು ತೂಕವನ್ನೂ ಬೆಲೆಯನ್ನೂ ಇಳಿಸುತ್ತಾರೆ. ಈಗಿನ ಕ್ಯಾಮರಾಗಳು ತಾವಾಗಿಯೇ ಸ್ಪಷ್ಟಪಡಿಸಿಕೊಂಡು ಈ ದೋಷವನ್ನು ಬಹುಮಟ್ಟಿಗೆ ಮರೆಮಾಡುತ್ತವೆ. ಆದರೂ ಮಂದ ಬೆಳಕಿನಲ್ಲಿ ಅವು ತಡವರಿಸುವುದುಂಟು.

ಇಷ್ಟನ್ನೂ ವಿವರಿಸಿ ಹುಡುಗನು, “ಹಕ್ಕಿಗೆ ಬೇಕಾದುದು ದೂರ, ಅಜ್ಜಿಗೆ ಬೇಕಾದುದು ಬೆಳಕು. ಯಾವುದನ್ನು ಬಿಡಲಿ, ಮಾವ?” ಎಂದು ಕೇಳಿದನು. ಗುಡವಿಯ ಹಕ್ಕಿಗಳ ಚಿತ್ರಕ್ಕೆ ಬಹುಮಾನ ಬಂದೀತೆಂಬ ಆಸೆ ಅವನಿಗಿದ್ದುದನ್ನು ನಾನು ಬಲ್ಲೆ. ಅದು ಅವನ ದುಡಿಮೆಯ ಹಣ. ಅಪ್ಪಣೆ ಕೊಡುವ ಅಧಿಕಾರ ನನಗಿರಲಿಲ್ಲ. ನಾನು ಇಷ್ಟೇ ಹೇಳಿದೆನು: “ಬರುವ ಮಳೆಗಾಲಕ್ಕೂ ಹಕ್ಕಿ ಬರುವುದು.” ಅವನು ತುಸುಹೊತ್ತು ಸುಮ್ಮನಿದ್ದು, ಚಿಕ್ಕ ಲೆನ್ಸನ್ನೇ ತರಿಸಿದನು.

ಮೂರು ತಿಂಗಳಲ್ಲಿ ಹದಿನೇಳು ಹಾಡುಗಳಾದುವು. ಬೆಳಕಿಂಡಿಯ ಬೆಳಕೇ ಸಾಕಾಯಿತು. ಎರಡು ಹಾಡುಗಳ ನಡುವಿನ ನುಡಿಗಳು ತಾಯಿಯವರಿಗೆ ನೆನಪಾಗಲಿಲ್ಲ. “ನಮ್ಮಕ್ಕ ಇದ್ದಿದ್ದರೆ ಹೇಳುತ್ತಿದ್ದಳು” ಎಂದರು. ದೊಡ್ಡಮ್ಮನವರು ತೀರಿಹೋಗಿ ಆರು ವರ್ಷವಾಯಿತು. ಆ ನುಡಿಗಳನ್ನು ಇನ್ನು ಯಾವ ಲೆನ್ಸೂ ತರಲಾರದು.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯ ಹುಡುಗರು ಲೆನ್ಸಿನ ಮಾತೆತ್ತಿದಾಗ, ಅದೊಂದು ಷೋಕಿಯೆಂದು ತಳ್ಳಿಬಿಡಬಾರದು. ಕೊಳ್ಳುವವರು, ಅದು ಎಷ್ಟು ದೂರ ನೋಡಬಲ್ಲುದೆಂದು ಕೇಳುವ ಮೊದಲು, ತಾವು ಹಿಡಿಯಬೇಕಾದುದು ನಿಂತಿರುವುದೋ, ಚಲಿಸುವುದೋ, ಎಷ್ಟು ಬೆಳಕಿನಲ್ಲಿರುವುದೋ ಎಂದು ವಿಚಾರಿಸಿಕೊಳ್ಳಲಿ. ಅದು ಇನ್ನೆಷ್ಟು ದಿನ ಇದ್ದೀತೆಂಬುದನ್ನೂ ಆ ಲೆಕ್ಕದಲ್ಲಿ ಸೇರಿಸಿಕೊಳ್ಳಲಿ.